ನೀಲಿ ಬುಟ್ಟಿಯಲ್ಲಿನ ಅಂಗಿ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಇಪ್ಪತ್ತೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ಹೊತ್ತು ಹೊತ್ತಿಗೆ ನಾಲ್ಕು ತುತ್ತಾದರೂ ಹೊಟ್ಟೆಗೆ ಬೀಳುತ್ತಿದೆಯಾ? ಫೋನ್ ಮಾಡಿದರೆ ನಿನ್ನ ಅಕ್ಕ ಎತ್ತಿಕೊಂಡು ‘ಪರವಾಗಿಲ್ಲಮ್ಮ, ಸುಧಾರಿಸ್ಕೋತಿದಾಳೆ’ ಎನ್ನುತ್ತಾಳೆ. ಪಾಪ, ಅವಳಾದರೂ ಇನ್ನೇನು ಹೇಳಿಯಾಳು. ಆದರೆ ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ತಲೆ ನರೆಸಿಕೊಂಡವಳು. ‘ಪರವಾಗಿಲ್ಲ’ ಎಂದವರ ಹಾಸಿಗೆ ಬಟ್ಟೆಗಳನ್ನು ರಾಶಿ ರಾಶಿ ಒಗೆದಿದ್ದೇನೆ, ಆ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ನೀನು ಫೋನಿಗೆ ಬರುವುದಿಲ್ಲವೆಂದೇ ಈ ಕಾಗದ. ಇದನ್ನಾದರೆ ಮಡಚಿ ದಿಂಬಿನ ಕೆಳಗಿಟ್ಟು, ಮನಸ್ಸು ಬಂದಾಗ ಓದಬಹುದು.

ನನ್ನ ಆರೋಗ್ಯ ಹಾಗೇ ಇದೆ. ಎಡ ಮೊಣಕಾಲು ಮುನಿಸಿಕೊಂಡಾಗ ಬಲ ಮೊಣಕಾಲು ಸಂಸಾರ ತೂಗಿಸುತ್ತದೆ. ನಿನ್ನ ಗಂಡ ದಿನಾ ಕೆಲಸಕ್ಕೆ ಹೋಗುತ್ತಾನೆ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಮೇಲಕ್ಕೂ ಕೆಳಕ್ಕೂ ಓಡಿಸುವವನು, ಮನೆಗೆ ಬಂದ ಮೇಲೆ ತಾನೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವನ ಹಾಗೆ ಕೂತಿರುತ್ತಾನೆ. ನಿನ್ನ ಮಗಳು ಗುಬ್ಬಿ ಶಾಲೆಗೆ ಹೋಗುತ್ತಿದ್ದಾಳೆ. ಮೇಲಿನ ಎರಡು ಹಲ್ಲು ಬಿದ್ದಿವೆ. ಅವಳ ವಿಷಯ ಬರೆಯಬೇಕೆಂದೇ ಕೂತದ್ದು. ಕೈ ಮಾತ್ರ ಸುತ್ತಿ ಬಳಸಿ ಬರುತ್ತಿದೆ, ಸ್ವಲ್ಪ ತಾಳ್ಮೆ ಇರಲಿ.

ನೀನು ಹೋದ ಮೇಲೆ ಮನೆಯನ್ನು ನೀನು ನಡೆಸುತ್ತಿದ್ದ ಹಾಗೆಯೇ ನಡೆಸಬೇಕೆಂದು ಹಟ ಹಿಡಿದೆ. ನಗಬೇಡ. ಒಗೆಯುವ ಕೆಲಸ ಬಿಟ್ಟರೆ ಉಳಿದದ್ದರಲ್ಲಿ ನಾನೆಷ್ಟು ಅಚ್ಚುಕಟ್ಟು ಎನ್ನುವುದು ನಿನಗೆ ಗೊತ್ತಲ್ಲ. ‘ಪ್ರತಿ ಸಾಮಾನಿಗೂ ಒಂದು ಮನೆ ಇರ್ಬೇಕು ಅತ್ತೆ’ ಎಂದು ನೀನು ಹೊಸದರಲ್ಲಿ ಹೇಳಿದಾಗ, ‘ಕತ್ತರಿಗೊಂದು ಮನೆ, ಬೀಗದಕೈಗೊಂದು ಮನೆ, ನಿನ್ನ ಮಾವನಿಗೆ ಮಾತ್ರ ಸಾಯೋವರೆಗೂ ಬಾಡಿಗೆ ಮನೆಯೇ ಗತಿಯಾಯ್ತು ನೋಡು’ ಎಂದಿದ್ದೆ. ಈಗ ಕತ್ತರಿ ಅದರ ಮನೆಯಲ್ಲೇ ಇದೆ. ಬಾಗಿಲ ಪಕ್ಕದಲ್ಲಿ ಅವರವರ ಎತ್ತರಕ್ಕೆ ನೀನು ಹೊಡೆಸಿದ್ದ ಗೂಟಗಳಲ್ಲಿ ಅವರವರ ಚೀಲ ನೇತಾಡುತ್ತದೆ. ನಾಳೆ ಹಾಕುವ ಬಟ್ಟೆ ಇವತ್ತು ಸಂಜೆಯೇ ಕುರ್ಚಿಯ ಮೇಲೆ ಬಂದು ಕೂರುತ್ತದೆ. ಒಗೆದ ಬಟ್ಟೆ ಒಬ್ಬೊಬ್ಬರ ಬುಟ್ಟಿಗೆ ಹೋಗುತ್ತದೆ: ನಿನ್ನದು ಬಿಳಿ, ಅವನದು ಹಸಿರು, ಗುಬ್ಬಿಯದು ಹಳದಿ, ನನ್ನದು ಆ ಬಣ್ಣ ಹೋದ ಮುದಿ ಬುಟ್ಟಿ. ನೀಲಿಯದು ನಮ್ಮ ಗುಡುಗಿನದು. ಅದನ್ನು ಇದ್ದಲ್ಲಿಂದ ಎತ್ತಲು ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ.

ಹುಟ್ಟಿದ ದಿನ ಆಸ್ಪತ್ರೆಯ ಗೋಡೆ ಬಿರಿಯುವ ಹಾಗೆ ಅತ್ತ ನಿನ್ನ ಮಗನಿಗೆ ಗುಡುಗು ಎಂದು ಹೆಸರಿಟ್ಟವಳು ನಾನು. ಒಂದು ವಾರದ ಜ್ವರ ಅವನನ್ನು ಕರೆದುಕೊಂಡು ಹೋದ ಮೇಲೆ ಈ ಮನೆಯಲ್ಲಿ ಎಂಥ ಮೌನವೆಂದರೆ, ಪಕ್ಕದ ಮನೆಯ ಕುಕ್ಕರ್ ಕೂಗಿದರೂ ನಾವು ಬೆಚ್ಚುತ್ತಿದ್ದೆವು. ನೀನು ನಾಲ್ಕು ದಿನ ಅಕ್ಕನ ಮನೆಯಲ್ಲಿದ್ದು ಬರುತ್ತೇನೆಂದು ಹೊರಟಾಗ ನಾನೇ ಚೀಲ ತುಂಬಿಕೊಟ್ಟೆ. ಆ ನಾಲ್ಕು ದಿನ ಬೆಳೆಯುತ್ತಾ ಹೋಯಿತು. ಅದಕ್ಕೆ ನಿನ್ನನ್ನು ದೂರುತ್ತಿಲ್ಲ. ಹಡೆದವಳ ಹೊಟ್ಟೆಯ ಉರಿಗೆ ಹೊರಗಿನವರು ಕ್ಯಾಲೆಂಡರ್ ತೋರಿಸಬಾರದು.

ಈಗ ವಿಷಯಕ್ಕೆ ಬರುತ್ತೇನೆ. ಊಟದ ಮೇಜಿನಲ್ಲಿ ಒಬ್ಬೊಬ್ಬರೂ ಆ ದಿನದ ಒಂದು ಒಳ್ಳೆಯ ಸಂಗತಿ ಹೇಳಬೇಕು ಎನ್ನುವ ನಿನ್ನ ಪದ್ಧತಿ ಇತ್ತಲ್ಲ, ಅದನ್ನು ಮತ್ತೆ ಶುರು ಮಾಡಿದೆ. ನಿನ್ನ ಗಂಡ ತಟ್ಟೆ ನೋಡುತ್ತಾ ‘ಏನಿಲ್ಲ’ ಎನ್ನುತ್ತಿದ್ದ. ನಾನು ತರಕಾರಿ ತಾಜಾ ಸಿಕ್ಕಿತೆಂದೋ ಬಿಸಿಲು ಚೆನ್ನಾಗಿತ್ತೆಂದೋ ಏನೋ ಒಂದು ಹೊಂದಿಸುತ್ತಿದ್ದೆ. ಗುಬ್ಬಿ ತನ್ನದು ಹೇಳುತ್ತಿದ್ದಳು. ಹೇಳಿ, ಒಂದು ಗುಟುಕು ನೀರು ಕುಡಿದು, ಇನ್ನೊಂದು ಹೇಳುತ್ತಿದ್ದಳು, ದನಿ ಸ್ವಲ್ಪ ದಪ್ಪ ಮಾಡಿಕೊಂಡು: ‘ಇವತ್ತು ಆಟದಲ್ಲಿ ನಾನೇ ಎಲ್ಲರಿಗಿಂತ ಮುಂದೆ ಓಡಿದೆ.’ ಎರಡನೆಯದು ಯಾರದೆಂದು ನಾವಿಬ್ಬರೂ ಕೇಳಲಿಲ್ಲ.

ಆಮೇಲೆ ಮನೆಯಲ್ಲಿ ಒಂದೊಂದೇ ಕೆಲಸ ತಾನಾಗಿ ಆಗತೊಡಗಿತು. ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ನೀರಿನ ಬಾಟಲಿಗಳು ತುಂಬಿ ಸಾಲಾಗಿ ನಿಂತಿರುತ್ತಿದ್ದವು. ಬಾಗಿಲ ಬಳಿಯ ಚಪ್ಪಲಿಗಳೆಲ್ಲ ಜೋಡಿ ಜೋಡಿಯಾಗಿ ಗೋಡೆಗೆ ಮುಖ ಮಾಡಿರುತ್ತಿದ್ದವು. ನಾನು ಮಗ ಮಾಡಿದನೆಂದುಕೊಂಡೆ, ಮಗ ನಾನು ಮಾಡಿದೆನೆಂದುಕೊಂಡ. ಬಾಟಲಿ, ಚಪ್ಪಲಿ ಎರಡೂ ಯಾರ ಪಾಲಿನ ಕೆಲಸವಾಗಿದ್ದವೆಂದು ನಿನಗೆ ನೆನಪಿಸಬೇಕಾಗಿಲ್ಲ. ಚಪ್ಪಲಿಯನ್ನು ಗೋಡೆಗೆ ಮುಖ ಮಾಡಿ ಇಡುತ್ತಿದ್ದವನು ಗುಡುಗು ಒಬ್ಬನೇ. ‘ತಪ್ಪು ಮಾಡಿವೆ, ನಿಂತ್ಕೊಳ್ಳಲಿ’ ಎಂದು ನಗುತ್ತಿದ್ದ.

ಒಂದು ದಿನ ಒಗೆಯಲು ಬಟ್ಟೆ ವಿಂಗಡಿಸುವಾಗ ರಾಶಿಯಲ್ಲಿ ಅವನ ಪಟ್ಟೆಪಟ್ಟೆ ಅಂಗಿ ಸಿಕ್ಕಿತು. ಅವನ ಬಟ್ಟೆಗಳನ್ನೆಲ್ಲ ನಾನೇ ಮಡಚಿ ಒಳಕೋಣೆಯ ಕಪಾಟಿನಲ್ಲಿಟ್ಟಿದ್ದೆ. ಹೇಗೋ ಜಾರಿ ಬಿದ್ದಿರಬೇಕು ಎಂದುಕೊಂಡು ಒಗೆದೆ, ಒಣಗಿಸಿದೆ, ಮಡಚಿದೆ. ಮಡಚಿದ ಕೈ ನನ್ನನ್ನು ಕೇಳದೆಯೇ ಅದನ್ನು ನೀಲಿ ಬುಟ್ಟಿಗೆ ಹಾಕಿತು. ಮುಂದಿನ ವಾರ ಅದೇ ಅಂಗಿ ಮತ್ತೆ ಕೊಳೆಬಟ್ಟೆಯ ರಾಶಿಯಲ್ಲಿತ್ತು. ಕಾಲರನ್ನು ಮೂಗಿನ ಹತ್ತಿರ ಹಿಡಿದೆ. ಬಟ್ಟೆಯ ವಿಷಯದಲ್ಲಿ ನನ್ನ ಮೂಗು ಸುಳ್ಳು ಹೇಳುವುದಿಲ್ಲ ಕಣಮ್ಮಾ. ಹೊಸ ಬೆವರು. ಆಡಿ ಓಡಿ ಬಂದ ಮಗುವಿನ ಬೆವರು. ಮಡಚಿಟ್ಟ ಅಂಗಿಗೆ ಬೆವರು ಎಲ್ಲಿಂದ ಬರಬೇಕು? ಬಚ್ಚಲಿನ ಹೊಸ್ತಿಲ ಮೇಲೆ ಕೂತೆ. ಹೆದರಿದೆನೋ ಎಂದರೆ ಹೆದರಿದೆ. ಆದರೆ ಆ ಅಂಗಿಯನ್ನು ನೀರಿಗೆ ಹಾಕಲು ಮನಸ್ಸಾಗಲಿಲ್ಲ. ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಇದ್ದೆ.

ಯಾರಿಗೆ ಹೇಳುವುದು? ಮುದುಕಿಗೆ ಬುದ್ಧಿ ಕೆಟ್ಟಿದೆ ಎಂದಾರು ಎಂದು ಹೊಟ್ಟೆಯಲ್ಲೇ ಇಟ್ಟುಕೊಂಡೆ. ಒಂದು ಸಂಜೆ ತಡೆಯಲಾರದೆ ಮಗನ ಹತ್ತಿರ, ‘ಈ ಮನೇಲಿ ನಿನಗೇನಾದ್ರೂ ಬೇರೆ ಥರ ಅನ್ನಿಸುತ್ತೇನೋ?’ ಎಂದು ಹಗುರವಾಗಿ ಕೇಳಿದೆ. ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ‘ಅಮ್ಮಾ, ನಿನಗೂ ಕೇಳ್ಸುತ್ತಾ?’ ಎಂದ. ಮೆಟ್ಟಿಲಿನ ಸದ್ದು. ಗುಡುಗು ಶಾಲೆಯಿಂದ ಬಂದವನು ಮೇಲೆ ಚೀಲ ಎಸೆದು, ಆಟಕ್ಕೆ ಇಳಿಯುವಾಗ ಕಡೆಯ ಮೆಟ್ಟಿಲುಗಳನ್ನು ಬಿಟ್ಟು ಒಮ್ಮೆಲೇ ಧೊಪ್ಪೆಂದು ಹಾರುತ್ತಿದ್ದನಲ್ಲ, ಆ ಸದ್ದು. ಮಧ್ಯಾಹ್ನದ ಜೊಂಪಿನಲ್ಲಿ ನಾನೂ ಅದನ್ನು ಕೇಳಿ, ಕನಸೆಂದುಕೊಂಡು ಸುಮ್ಮನಾಗಿದ್ದೆ. ನಿನ್ನ ಗಂಡ ಮಧ್ಯಾಹ್ನ ಬೇಗ ಬಂದ ಒಂದು ದಿನ ಕೋಣೆಯೊಳಗಿಂದ ಕೇಳಿಸಿಕೊಂಡಿದ್ದನಂತೆ. ಎದ್ದು ನೋಡಲು ಧೈರ್ಯವಾಗದೆ ಕಿವಿಗೆ ದಿಂಬು ಒತ್ತಿಕೊಂಡು ಮಲಗಿದನಂತೆ. ಅಷ್ಟು ದೊಡ್ಡ ಗಂಡಸು, ಕತ್ತಲೆಯ ಲಿಫ್ಟ್ ಗುಂಡಿಗೆ ಹಗ್ಗ ಕಟ್ಟಿಕೊಂಡು ಇಳಿಯುವವನು, ನನ್ನ ಮುಂದೆ ಹಾಗೆ ಹೇಳುತ್ತಾ ಅತ್ತ. ‘ನೋಡಿದ್ರೆ ಏನೂ ಇರಲ್ಲ ಅಮ್ಮ, ಅದಕ್ಕೇ ನೋಡ್ಲಿಲ್ಲ’ ಎಂದ.

ಕೆಳಗಿನ ಗಡಿಯಾರ ರಿಪೇರಿಯವರಂತೂ ಒಂದು ದಿನ ನನ್ನನ್ನು ಕಂಡು, ‘ಏನಮ್ಮ, ನಿಮ್ಮ ಗುಡುಗು ಇವತ್ತು ಬಹಳ ಜೋರು’ ಎಂದುಬಿಟ್ಟರು. ಹಳೆಯ ಅಭ್ಯಾಸ, ಬಾಯಿ ತಪ್ಪಿ ಬಂದ ಮಾತು. ಅಂದಮೇಲೆ ನಾಲಿಗೆ ಕಚ್ಚಿಕೊಂಡು, ಕಣ್ಣಿಗಿಟ್ಟ ಭೂತಗನ್ನಡಿಯನ್ನು ತೆಗೆಯಲೂ ಮರೆತು ನನ್ನನ್ನೇ ನೋಡುತ್ತಾ ನಿಂತರು. ಅವರಿಗೂ ಕೇಳಿಸಿದೆ ಎಂದ ಮೇಲೆ ಇದು ನಮ್ಮಿಬ್ಬರ ತಲೆ ಕೆಟ್ಟಿದ್ದಲ್ಲ ಎಂದು ಒಂದು ಕಡೆ ಸಮಾಧಾನ, ಹಾಗಾದರೆ ಮತ್ತೇನು ಎಂದು ಇನ್ನೊಂದು ಕಡೆ ಹೆದರಿಕೆ.

ಕಳೆದ ಮಂಗಳವಾರ ಗುಬ್ಬಿಗೆ ಹಾಲು ಕಾಯಿಸಿಟ್ಟು, ಮೊಣಕಾಲಿನ ಔಷಧಿಗೆಂದು ಹೊರಗೆ ಹೋಗಿದ್ದೆ. ಔಷಧಿ ಅಂಗಡಿ ಮುಚ್ಚಿತ್ತು, ಬೇಗ ಬಂದೆ. ಕೆಳಗಿನ ಮೆಟ್ಟಿಲ ಬಳಿ ಉಸಿರು ಸುಧಾರಿಸಿಕೊಳ್ಳುತ್ತಾ ನಿಂತಿದ್ದಾಗ ಮೇಲಿಂದ ಓಟದ ಸದ್ದು ಬಂತು. ಓಡಿಹೋಗಲು ಕಾಲು ಎಲ್ಲಿದೆ ನನಗೆ? ಗೋಡೆ ಹಿಡಿದುಕೊಂಡೆ. ಪಟ್ಟೆ ಅಂಗಿ, ಹಣೆ ಮುಚ್ಚುವ ಟೋಪಿ, ಅವನ ಆ ಓಲಾಡುವ ಓಟ. ತಿರುವಿನ ಮಬ್ಬಿನಲ್ಲಿ ಒಂದು ಕ್ಷಣ ನಿಂತು, ಕೈ ಚಾಚಿ, ಧೊಪ್ಪೆಂದು ನನ್ನ ಮುಂದೆ ಹಾರಿತು. ನನ್ನ ಬಾಯಿಂದ ‘ಗುಡುಗೂ’ ಎಂದು ಬಂದೇಬಿಟ್ಟಿತು.

ಟೋಪಿಯ ಕೆಳಗಿಂದ ಗುಬ್ಬಿ ನನ್ನನ್ನು ನೋಡಿದಳು. ಸಿಕ್ಕಿಬಿದ್ದ ಮಗುವಿನ ಮುಖವಲ್ಲ ಅದು. ಪರೀಕ್ಷೆಯಲ್ಲಿ ಪಾಸಾದ ಮುಖ. ಹಲ್ಲಿಲ್ಲದ ಬಾಯಿ ತುಂಬ ನಗುತ್ತಾ, ‘ಅಜ್ಜೀ, ನಿಂಗೂ ಅಣ್ಣನ ಥರಾನೇ ಕಂಡೆನಾ?’ ಎಂದಳು.

ಆ ಮೆಟ್ಟಿಲ ಮೇಲೇ ಕೂತು, ಅವಳನ್ನು ಮಡಿಲಿಗೆಳೆದುಕೊಂಡು, ಯಾಕೆ ಚಿನ್ನಾ ಹೀಗೆ ಎಂದು ಕೇಳಿದೆ. ನನಗೇ ತಿಳಿಯದೆಂಬಂತೆ ವಿವರಿಸಿದಳು. ‘ಅವನ ಕೆಲಸ ಯಾರು ಮಾಡ್ತಾರೆ ಮತ್ತೆ? ಒಬ್ಬರ ಕೆಲಸ ನಿಂತ್ರೆ ಇಡೀ ಮನೆ ನಿಲ್ಲುತ್ತೆ ಅಂತ ಅಮ್ಮಾನೇ ಅಲ್ವಾ ಹೇಳಿದ್ದು? ಅಮ್ಮ ಬಂದಾಗ ಅವನ ಬುಟ್ಟಿ ಖಾಲಿ ಇದ್ರೆ ಮತ್ತೆ ಹೊರಟುಹೋಗ್ತಾಳೆ.’ ಬಾಟಲಿ ತುಂಬುವುದು, ಚಪ್ಪಲಿ ತಿರುಗಿಸುವುದು, ಊಟದ ಹೊತ್ತಿನ ಆ ಎರಡನೆಯ ಮಾತು, ಎಲ್ಲ ಅವಳದೇ. ಹಾರುವುದು ಮಾತ್ರ ಬಹಳ ಕಷ್ಟವಾಯಿತಂತೆ. ಮೊದಮೊದಲು ಬಿದ್ದಳಂತೆ. ಮಂಡಿಯ ಗಾಯಗಳನ್ನು ತೋರಿಸಿದಳು. ಹಳೆಯದರ ಮೇಲೆ ಹೊಸದು ಕೂತಿತ್ತು. ದಿನಾ ಸ್ನಾನಕ್ಕೆ ನೀರು ಕಾಯಿಸಿಕೊಡುವ ನನ್ನ ಕಣ್ಣಿಗೂ ಬೀಳದ ಹಾಗೆ, ‘ನಾನೇ ಸ್ನಾನ ಮಾಡ್ಕೋತೀನಿ, ದೊಡ್ಡೋಳಾಗಿದ್ದೀನಿ’ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಂದು ಸಂಜೆ ಮಗನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ, ಅಳಲೂ ಇಲ್ಲ. ಗುಬ್ಬಿಯನ್ನು ಎತ್ತಿ ಅಡುಗೆಕಟ್ಟೆಯ ಮೇಲೆ ಕೂರಿಸಿ, ಅವಳ ಕಣ್ಣೆದುರೇ ಬಾಟಲಿಗಳನ್ನೆಲ್ಲ ತುಂಬಿದ. ‘ಇನ್ಮೇಲೆ ಇದು ನನ್ನ ಕೆಲಸ. ಚಪ್ಪಲಿ ಅಜ್ಜೀದು. ನಿನ್ನ ಕೆಲಸ ಚಮಚ, ತಟ್ಟೆ ಅಷ್ಟೇ’ ಎಂದ. ಅವಳು ಅನುಮಾನದಿಂದ, ‘ಮತ್ತೆ ಅಣ್ಣನಿಗೆ?’ ಎಂದಳು. ‘ಅಣ್ಣನಿಗೆ ಕೆಲಸ ಇಲ್ಲ ಪುಟ್ಟೀ. ಅಣ್ಣ ಇಲ್ಲ’ ಎಂದ. ಇಷ್ಟು ತಿಂಗಳಲ್ಲಿ ಈ ಮನೆಯಲ್ಲಿ ಆ ಮಾತನ್ನು ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು. ಗುಬ್ಬಿ ಅತ್ತಳು. ತನ್ನದೇ ದನಿಯಲ್ಲಿ, ತೆಳ್ಳಗೆ, ಬಹಳ ಹೊತ್ತು ಅತ್ತಳು. ಅವನು ಹೋದ ದಿನವೂ ಅವಳು ಅತ್ತಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ನಾವೆಲ್ಲ ನಮ್ಮ ನಮ್ಮ ಅಳುವಿನಲ್ಲಿದ್ದೆವು, ಅವಳ ಸರದಿ ಬಂದಿರಲೇ ಇಲ್ಲ.

ಈಗ ಮೆಟ್ಟಿಲಿನ ಸದ್ದು ನಿಂತಿದೆ. ನಿಂತಿತಲ್ಲ ಎಂದು ನೆಮ್ಮದಿಯಾಗಬೇಕಿತ್ತು. ಆದರೆ ಮಧ್ಯಾಹ್ನ ಆ ಹೊತ್ತಿಗೆ ನನ್ನ ಕಿವಿ ಅದರ ಪಾಡಿಗೆ ಅದು ಬಾಗಿಲ ಕಡೆ ಹೋಗುತ್ತದೆ. ಗಡಿಯಾರದವರೂ ಕೆಲಸ ನಿಲ್ಲಿಸಿ ಮೇಲೆ ನೋಡುವುದನ್ನು ಕಂಡಿದ್ದೇನೆ. ಎರಡನೇ ಸಲ ಕಳೆದುಕೊಂಡ ಹಾಗೆ, ಮಗಳೇ. ಹೀಗೂ ಇರುತ್ತದೆಂದು ಗೊತ್ತಿರಲಿಲ್ಲ.

ಮನೆ ಅಚ್ಚುಕಟ್ಟಾಗಿದೆ. ಎಲ್ಲ ಸಾಮಾನೂ ಅದರದರ ಮನೆಯಲ್ಲಿದೆ. ಮನುಷ್ಯರು ಮಾತ್ರ ಅವರವರ ಜಾಗದಲ್ಲಿಲ್ಲ. ನಿನ್ನ ಅಕ್ಕನಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳು. ಹೊಟ್ಟೆ ತುಂಬ ಉಣ್ಣು, ಕೂದಲಿಗೆ ಎಣ್ಣೆ ಹಚ್ಚಿಕೋ. ನಿನ್ನ ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ ಎಂದುಕೋ. ನೋವಿನ ಭಾರ ಹೊರಲು ದೇವರು ನಿನಗೆ ಬಲ ಕೊಡಲಿ, ಅರ್ಧ ನಮಗೂ ಹಂಚುವ ಮನಸ್ಸು ಕೊಡಲಿ.

ನಿನ್ನ,
ಅತ್ತೆ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಬಚ್ಚಲಿನಿಂದ ಗುಬ್ಬಿ ಬಂದಳು, ಅವಸರದಲ್ಲಿ ಬರೆಯುತ್ತಿದ್ದೇನೆ. ತನ್ನ ಜಡೆಯನ್ನು ತಾನೇ ಕತ್ತರಿಸಿಕೊಂಡಿದ್ದಾಳೆ, ಕಿವಿಯವರೆಗೆ, ಥೇಟ್ ಅವನ ಹಾಗೆ. ಹೇಳಿದ್ದೆಲ್ಲ ಅವಳ ಕಿವಿಗೆ ಹೋಗಿದೆ, ಒಳಗೆ ಇಳಿದಿಲ್ಲ. ‘ಸತ್ತಿದ್ದು ನಾನಾಗಿದ್ರೆ ಅಮ್ಮ ಅಣ್ಣನ ಹತ್ರಾನೇ ಇರ್ತಿದ್ಲು, ಅಲ್ವಾ ಅಜ್ಜಿ?’ ಎಂದು ಕೇಳುತ್ತಿದ್ದಾಳೆ, ಲೆಕ್ಕ ಕೇಳಿದ ಹಾಗೆ, ಅಳದೆ. ಇದಕ್ಕೆ ಉತ್ತರ ಕೊಡುವುದು ನನ್ನಿಂದಾಗುವುದಿಲ್ಲ, ಇವಳಪ್ಪನಿಂದಲೂ ಆಗುವುದಿಲ್ಲ. ಬರುವ ಶನಿವಾರ ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ನಾನೇ ಬರುತ್ತಿದ್ದೇನೆ. ಬರಬೇಡಿ ಎನ್ನಬೇಡ, ಎಂದರೂ ಬರುತ್ತೇನೆ. ಬಾಗಿಲು ನೀನೇ ತೆಗೆ. ತೆಗೆದಾಗ ಒಂದು ಕ್ಷಣ ನಿನಗೆ ಅವನೇ ಕಾಣುತ್ತಾನೆ, ಮೊದಲೇ ಹೇಳಿರುತ್ತೇನೆ, ಎದೆ ಗಟ್ಟಿ ಮಾಡಿಕೋ. ಅವನ ಹೆಸರು ಬಾಯಿಗೆ ಬಂದರೆ ನುಂಗಿಕೋ. ಮೊದಲು ‘ಗುಬ್ಬೀ’ ಎಂದು ಕರೆ. ಆಮೇಲೆ ಎಷ್ಟು ಬೇಕಾದರೂ ಅಳು, ಇಬ್ಬರೂ ಅಳಿ, ನಾನು ಹೊರಗೆ ಕೂತಿರುತ್ತೇನೆ.