ಬಾದಾಮಿ ನೀರಲ್ಲ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟಿ,

ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಅಡುಗೆ ಪುಸ್ತಕ ಕೈಸೇರಿ ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಜಾರಾಗಬೇಡ. ಬರೆದ ಎರಡು ಕಾಗದ ಹರಿದು ಹಾಕಿದೆ, ಇದು ಮೂರನೆಯದು. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ, ಮನೆಯಲ್ಲಿ ಕಾಗದ ಮುಗಿಯುತ್ತಾ ಬಂದಿದೆ ಅಷ್ಟೆ.

ಅಪ್ಪನ ಮಂಡಿನೋವು ಕಡಿಮೆಯಾಗಿದೆ. ಬಸ್ ನಿಲ್ದಾಣದ ಪೇಪರಿನವನಿಗೂ ನಿನ್ನ ಪುಸ್ತಕ ತೋರಿಸಿ ಬಂದರು. ಪಕ್ಕದ ಮನೆಯ ಟೈಲರಮ್ಮ ತಾನೇ ಒಂದು ಪ್ರತಿ ಕೊಂಡಳು. ರಗಳೆ ಶುರುವಾದದ್ದು ಅಲ್ಲಿಂದ.

ಹದಿನೈದು ದಿನದ ಹಿಂದೆ ಅವಳ ಗಂಡನ ಹುಟ್ಟುಹಬ್ಬ. ನಿನ್ನ ಪುಸ್ತಕ ನೋಡಿ ಬಾದಾಮಿ ಕೇಕು ಮಾಡಿದ್ದಾಳೆ. ಸಂಜೆ ತಟ್ಟೆ ಹಿಡಿದು ಬಂದು ಬಾಗಿಲಲ್ಲೇ ನಿಂತಳು.

"ತಿಂದು ನೋಡಿ ಅಕ್ಕಾ, ಧೈರ್ಯ ಇದ್ರೆ. ಪುಸ್ತಕದಲ್ಲಿ ಇದ್ದ ಹಾಗೇ ತೂಕ ಹಾಕಿದೀನಿ. ಒಂದು ಗ್ರಾಂ ಆಚೆ ಈಚೆ ಇಲ್ಲ."

ಉಬ್ಬದೆ ಕೂತ, ಎಣ್ಣೆ ಜಿನುಗುವ ಹಲಗೆ. ಆ ಬಾದಾಮಿಗಾಗಿ ಅವಳು ನಾಲ್ಕು ಅಂಗಿ ಹೊಲಿದಿದ್ದಳು. "ನಿಮ್ಮ ಕೈರುಚಿ ಅಂತ ನಂಬಿದೆ" ಎಂದಾಗ ನಾನು ತಲೆ ತಗ್ಗಿಸಿದೆ.

ಪುಟ ತೆರೆದರೆ, ನಾನು "ಬಾದಾಮಿ ಪುಡಿ ಎರಡು ಕಪ್ಪು" ಎಂದು ಹೇಳಿಕೊಟ್ಟದ್ದು ನಿನ್ನ ಪುಸ್ತಕದಲ್ಲಿ "೪೮೦ ಗ್ರಾಂ" ಆಗಿದೆ. ಆಗಲೇ ಫೋನ್ ಮಾಡಿದೆ. ನೀನು ಹೇಳಿದ್ದು ನೆನಪಿದೆಯೇ?

"ಅಮ್ಮಾ, ಒಂದು ಕಪ್ಪು ಅಂದ್ರೆ ಇನ್ನೂರ ನಲವತ್ತು. ಯಾರೂ ಅಷ್ಟೆಲ್ಲ ನೋಡಲ್ಲ ಬಿಡು."

ಇನ್ನೂರ ನಲವತ್ತು ನೀರಿಗೆ ಸರಿ, ಮಗಳೇ. ಬಾದಾಮಿ ನೀರಲ್ಲ. ಇಪ್ಪತ್ತೆರಡು ವರ್ಷ ಬೇಕರಿಯ ಹಿಂದಿನ ಕೋಣೆಯಲ್ಲಿ ನಾನು ಗಾಳಿ ತೂಗುತ್ತಾ ಕೂತಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಅಳತೆಯ ಕಪ್ಪು ಹಿಡಿದು ಕಿರಾಣಿ ಅಂಗಡಿಗೆ ಹೋದೆ.

"ಏನಮ್ಮಾ, ನನ್ನ ತಕ್ಕಡಿ ಮೇಲೇ ಅನುಮಾನಾನಾ?" ಎಂದ ಅಂಗಡಿಯವನು.

"ನಿನ್ನ ತಕ್ಕಡಿ ಮೇಲಲ್ಲಪ್ಪ, ನನ್ನ ಮಗಳ ಮೇಲೆ."

ಇಡೀ ಬಾದಾಮಿ ಒಂದು ಕಪ್ಪು ನೂರ ನಲವತ್ತು ಗ್ರಾಂ ತೂಗಿತು. ಪುಡಿ ನೂರಕ್ಕೇ ನಿಂತಿತು. ಅಕ್ರೋಟಿನ ಹೋಳುಗಳೂ ನೂರೇ, ಡೊಂಕು ಡೊಂಕಾಗಿ ಕೂತು ನಡುವೆ ಜಾಗ ಬಿಡುತ್ತವೆ. ಅವನ್ನೇ ಸಣ್ಣಗೆ ಹೆಚ್ಚಿ ತುಂಬಿದರೆ ಸಂದು ಮುಚ್ಚಿ ನೂರ ಇಪ್ಪತ್ತು. ಒಂದೊಂದಕ್ಕೂ ಒಂದೊಂದು ಲೆಕ್ಕ. ನೀನು ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ ಕೈ ತೊಳೆದುಕೊಂಡೆ. ಎರಡು ನಿಮಿಷ ನನ್ನನ್ನು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮುಂದಿನ ಶನಿವಾರ ಟೈಲರಮ್ಮನ ಮನೆಗೇ ಹೋಗಿ, ಇನ್ನೂರು ಗ್ರಾಂ ಪುಡಿ ತೂಗಿ, ಅವಳ ಕೈಯಲ್ಲೇ ಮತ್ತೆ ಮಾಡಿಸಿದೆ. ಹೂವಿನಂತೆ ಎದ್ದಿತು. ಅವಳ ಗಂಡ ಮೂರು ತುಂಡು ತಿಂದ. ಅವಳು ನಕ್ಕಳು. ಆದರೆ ನಿನ್ನ ಪುಸ್ತಕ ಈಗ ಅವಳ ಹೊಲಿಗೆ ಯಂತ್ರದ ಕಾಲಿನಡಿ ಇದೆ, ಅಲ್ಲಾಡದಿರಲಿ ಎಂದು.

ಹದಿನಾಲ್ಕು ಕಡೆ ತಪ್ಪಿದೆ. ಪಟ್ಟಿ ಇದರ ಜೊತೆಗಿದೆ. ತಿದ್ದುಪಡಿ ಅಚ್ಚು ಹಾಕಿಸಿ, ಮಾರದೆ ಉಳಿದ ಪ್ರತಿಗಳಲ್ಲಾದರೂ ಇಡಿಸು. ಪ್ರಕಾಶಕರು ಒಲ್ಲೆ ಎಂದರೆ ಅವರ ವಿಳಾಸ ಕಳಿಸು, ನಾನು ಮಾತಾಡುತ್ತೇನೆ.

ಬೈದೆನೆಂದು ಊಟ ಬಿಡಬೇಡ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಬಾರದೆಂದೇ ಇದ್ದೆ. ಪುಸ್ತಕ ಬಂದ ದಿನ ಅಪ್ಪ ಮುನ್ನುಡಿಯನ್ನು ಗಟ್ಟಿಯಾಗಿ ಓದುತ್ತಿದ್ದವರು ಒಂದು ಸಾಲಿಗೆ ಬಂದು ನಿಲ್ಲಿಸಿಬಿಟ್ಟರು. ಆಮೇಲೆ ನಾನೇ ಓದಿಕೊಂಡೆ. "ಓದುಬರಹ ಅರಿಯದ ನನ್ನ ಅಮ್ಮ ಬಾಯಲ್ಲಿ ಹೇಳಿದ್ದನ್ನೆಲ್ಲ ನಾನು ಬರೆದುಕೊಂಡೆ" ಎಂದು ಹಾಕಿದ್ದೀಯ. ಕೇಳಲು ಚೆನ್ನಾಗಿರುತ್ತದೆ ಎಂದು ಬರೆದೆಯೇನೋ. ನಿನ್ನ ಪುಟ್ಟ ಕೈಗೆ ಸೀಮೆಸುಣ್ಣ ಕೊಟ್ಟು, ಅಡುಗೆಮನೆಯ ನೆಲದ ಮೇಲೆ ನಿನಗೆ ಮೊದಲ ಅಕ್ಷರ ತಿದ್ದಿಸಿದ್ದು ಯಾರು, ಪುಟ್ಟಿ?