ಭೈರಮ್ಮನ ಹಣೆಯ ಹಚ್ಚೆ

ನವೆಂಬರ್ ೧೮, ಮಂಗಳವಾರ

ಬೆಳಗಿನ ಅಸಹ್ಯ ಇನ್ನೂ ಇಳಿದಿಲ್ಲ. ಕಂದಿಕೆರೆಯ ಭೈರಮ್ಮನ ಶ್ರದ್ಧಾಂಜಲಿ ಬ್ಯಾನರಿಗೆಂದು ಅವಳ ಮಗ ಭೀಮರಾಜು ಎಐನಲ್ಲಿ ಮಾಡಿದ ಫೋಟೊ ಮೊನ್ನೆ ನನ್ನ ಅಂಗಡಿಗೆ ತಂದಿದ್ದ. ಮುಖದಲ್ಲಿ ಒಂದು ಸುಕ್ಕಿಲ್ಲ, ಹಣೆಯ ಹಸಿರು ಹಚ್ಚೆಯೂ ಇಲ್ಲ. ಹಳೇ ಫೋಟೊ ಕೊಡು, ನಾನೇ ಕೂತು ತಿದ್ದುತ್ತೇನೆ ಎಂದೆ.

“ನೀನೇನೂ ಮಾಡ್ಬ್ಯಾಡ ಬುಡು. ಹೆಸ್ರು, ತಾರೀಕು ಹಾಕಿ ಪ್ರಿಂಟ್ ಕೊಡು.”

ಇಪ್ಪತ್ತು ವರ್ಷದಿಂದ ಡಿಸೈನರ್ ಅನ್ನಿಸಿಕೊಂಡ ನಾನು ಹೆಸರು, ತಾರೀಕು ಹಾಕಿ ಕೊಟ್ಟೆ.

ಇವತ್ತು ತಿಥಿಗೆ ಹೋದೆ. ಭೈರಮ್ಮನ ತಂಗಿ ಹೂವಿನ ಹಾರ ಹಿಡಿದುಕೊಂಡೇ ಬ್ಯಾನರ್ ಮುಂದೆ ನಿಂತುಬಿಟ್ಟರು.

“ಇದ್ಯಾರ್ಲಾ ಭೀಮ? ನಮ್ಮಕ್ಕ ಎಲ್ಲವ್ಳೆ?”

ಭೀಮರಾಜು ನನ್ನತ್ತ ಕೈ ತೋರಿಸಿದ. “ಇವ್ನೇ ಕಣವ್ವ ಮಾಡಿದ್ದು.”

ಅಲ್ಲ ಎನ್ನಲು ಬಾಯಿ ತೆರೆದೆ. ಬ್ಯಾನರಿನ ಮೂಲೆಯಲ್ಲಿ, ಎಂದಿನಂತೆ, ‘ವಿನ್ಯಾಸ’ ಎಂದು ನನ್ನದೇ ಹೆಸರಿತ್ತು. ಥೂ.