ಏನುಂಡಿ?

ಹೊಸಪೇಟೆ,
ಸೋಮವಾರ, 10-2-2025

ಮುದ್ದಿನ ಮಗಳು ಯಶೋಧರಾಗೆ, ನಿನ್ನ ಅಪ್ಪನ ಆಶೀರ್ವಾದಗಳು.

ಮೈಯಲ್ಲಿ ಹುಷಾರಾಗಿದ್ದೀಯಾ? ಮೈಸೂರಿಗೆ ಹೋದ ಮೇಲೆ ಹತ್ತಿಕೊಂಡ ಆ ಕೆಮ್ಮು ಕಡಿಮೆಯಾಯಿತಾ? ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ಚಿಂತೆ ಬಿಡು. ಫೋನ್ ಇರುವಾಗ ಅಪ್ಪನಿಗೇನು ಕಾಗದ ಬರೆಯುವ ಹುಚ್ಚು ಎಂದು ನಗುತ್ತೀಯ, ಗೊತ್ತು. ಫೋನಿನಲ್ಲಾದರೆ ಒಂದು ನಿಮಿಷಕ್ಕೆ "ಆಮ್ಯಾಲೆ ಮಾಡ್ತೀನಪ್ಪಾ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲವಲ್ಲ, ಈಗ ಓದು ಪೂರ್ತಿ!

ಇವತ್ತು ನಮ್ಮ ಹಾಸ್ಟೆಲಿನಲ್ಲಿ ರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ. ಬದನೆಕಾಯಿ ಹೆಚ್ಚುವಾಗ ನಿನ್ನ ನೆನಪಾಯಿತು. ಚಿಕ್ಕವಳಿದ್ದಾಗ ಒಮ್ಮೆ ತಿಂದು ಮೈಯೆಲ್ಲ ದದ್ದು ಎದ್ದು, ಅಡಿಗೆ ಮಾಡಿದವನು ನಾನೆಂದು ನಿಮ್ಮಮ್ಮ ಬಾಯಿಗೆ ಬಂದಂತೆ ಬೈದಿದ್ದಳು. ಅವತ್ತಿನಿಂದ ನೀನು ಅದನ್ನು ಮುಟ್ಟಿಲ್ಲ. ಈಗ ಬೈಯಲು ಅವಳೂ ಇಲ್ಲ. ಇನ್ನೂರು ಹುಡುಗರಿಗೆ ಬಡಿಸಿ ಮನೆಗೆ ಬಂದರೆ ನನ್ನದೊಂದೇ ತಟ್ಟೆ. ಒಬ್ಬನೇ ಉಣ್ಣುವುದು ನನಗೆ ಇನ್ನೂ ರೂಢಿಯಾಗಿಲ್ಲ ಮಗಳೇ. ಯಾರಾದರೂ ಮಾತಾಡುತ್ತಿರಲಿ ಎಂದು ಟೀವಿ ಹಚ್ಚಿಟ್ಟು ಕೂರುತ್ತೇನೆ.

ಒಂದು ಸುದ್ದಿ ಹೇಳಬೇಕು. ಬಂಡ್ರಿಯ ಅಂಜಿನೇಯ ಎಂಬ ಹುಡುಗ ನಮ್ಮಲ್ಲಿದ್ದು ಎಂ.ಎ. ಓದುತ್ತಾನೆ. ಹೋದ ತಿಂಗಳು ನಾಲ್ಕು ದಿನ ಊಟಕ್ಕೇ ಬರಲಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡೆ ನಾನು. ಜ್ವರ ಬಂದಿರಬೇಕು ಅಂದುಕೊಂಡರು ಅವನ ಮೇಷ್ಟರು. ಊರಲ್ಲಿ ಅವನ ಅಪ್ಪ ದಿನಾ ಫೋನ್ ಮಾಡಿ "ಉಂಡ್ಯಾ?" ಎಂದರೆ ಇವನು "ಉಂಡೆ" ಅನ್ನುತ್ತಿದ್ದನಂತೆ. ಕಡೆಗೆ ಕಸ ಹೊಡೆಯುವ ಗಾಳೆಮ್ಮ, ಇವನ ಬಾಗಿಲ ಮುಂದಿನ ಚಪ್ಪಲಿ ಜಾಗ ಬಿಟ್ಟು ಕದಲದಿದ್ದುದನ್ನು ನೋಡಿ ಗಲಾಟೆ ಮಾಡಿದಳು. ಬಾಗಿಲು ತೆಗೆದಾಗ ಹುಡುಗನಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಫೇಲಾದದ್ದನ್ನು ಯಾರಿಗೂ ಹೇಳಲಾಗದೆ ಒಳಗೇ ಕುಳಿತುಬಿಟ್ಟಿದ್ದ. ಗಂಜಿ ಕಾಸಿಕೊಂಡು ಹೋದರೆ ನನ್ನ ಕೈ ಹಿಡಿದು ಅತ್ತ. ಊರಿಗೆ ಹೋಗಿರಬೇಕು ಅಂದುಕೊಂಡು ಸುಮ್ಮನಿದ್ದೆನಲ್ಲ, ನನಗೆ ಭಾಳ ನಾಚಿಕೆಯಾಯಿತು.

ಗಾಬರಿಯಾಗಬೇಡ, ಈಗ ಚೇತರಿಸಿಕೊಂಡಿದ್ದಾನೆ. ಹುಡುಗರ ಮನಸ್ಸಿನ ಕಷ್ಟ ಕೇಳಲೆಂದೇ ಇಲ್ಲಿ ಸುಧಾರಾಣಿ ಮೇಡಂ ಇದ್ದಾರೆ, ಅವರು ಒಂದು ಸಭೆ ಕರೆದರು. ಮೇಷ್ಟರು, ವಾರ್ಡನ್, ಒಬ್ಬ ಡಾಕ್ಟರು, ಹುಡುಗರ ಪೈಕಿ ಇಬ್ಬರು, ಜೊತೆಗೆ ಗಾಳೆಮ್ಮ ಮತ್ತು ನಾನು. ಗೋಡೆಗೆ 'ವಿದ್ಯಾರ್ಥಿಗಳ ಕ್ಷೇಮಕ್ಕೆ ಸಹಭಾಗಿತ್ವ' ಎಂಬ ಬ್ಯಾನರ್ ಬೇರೆ. ನಾನು ಅಭ್ಯಾಸಬಲದಿಂದ ಚಹಾದ ಕಿಟ್ಲಿ ಹಿಡಿದು ನಿಂತುಬಿಟ್ಟೆ. "ಹುಸೇನಪ್ಪೋರೇ, ಕುಂದ್ರಿ. ಚಾ ಕೊಡಾಕ ಕರೆದಿಲ್ಲ ನಿಮ್ಮನ್ನ" ಎಂದರು ಮೇಡಂ. ಗಾಳೆಮ್ಮ ಕುರ್ಚಿಯ ತುದಿಯಲ್ಲಿ ಕುಳಿತು ಕಿಸಕ್ಕೆಂದು ನಕ್ಕಳು. ಹುಡುಗರಿಗೆ ಕೇಳಬೇಕಾದ ಇಪ್ಪತ್ತು ಪ್ರಶ್ನೆಗಳ ಫಾರಂ ಒಂದನ್ನು ಮೇಡಂ ಓದಿ ಹೇಳಿದರು. ನನ್ನ ಬಾಯಿ ಗೊತ್ತಲ್ಲ, ಸುಮ್ಮನಿರಲಿಲ್ಲ. "ಇಷ್ಟೆಲ್ಲಾ ಬ್ಯಾಡ್ರಿ. ಉಂಡ್ಯಾ ಅಂದ್ರ ಎಲ್ಲಾರೂ ಹೂಂ ಅಂತಾರ. ಏನುಂಡಿ ಅಂತ ಕೇಳ್ರಿ. ಉಂಡಾವ ಥಟ್ಟನ ಹೇಳ್ತಾನ, ಉಣ್ಣದಾವ ಹುಡುಕ್ತಾನ" ಎಂದೆ. ಡಾಕ್ಟರು ಪೆನ್ನು ತೆಗೆದು ಬರೆದುಕೊಂಡರು, ಗೊತ್ತಾ! ಈಗ ನಮ್ಮಲ್ಲಿ ಒಬ್ಬರ ನಂಬರು ಇನ್ನೊಬ್ಬರ ಹತ್ತಿರ ಇದೆ. ಯಾವ ಹುಡುಗನಾದರೂ ಎರಡು ಹೊತ್ತು ಕಾಣದಿದ್ದರೆ ನಾನು ಮೇಡಂಗೆ ಫೋನ್ ಮಾಡುತ್ತೇನೆ, ಅವರು ಮೇಷ್ಟರಿಗೆ.

ಅವತ್ತು ಎಲ್ಲರೂ ಹೊಗಳಿದರು. ಮನೆಗೆ ಬಂದೆ, ಯಾರಿಗೆ ಹೇಳಲಿ? ನಿನಗೆ ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿಮ್ಮಮ್ಮನ ಫೋಟೋಕ್ಕೆ ಹೇಳಿ ಮಲಗಿದೆ.

ಓದು ಮಗಳೇ. ಓದಲಾಗದಿದ್ದರೆ ಅದೂ ಆಯಿತು. ಬುದ್ಧನ ಕರುಣೆ ನಿನ್ನ ಮೇಲಿರಲಿ. ಗಾಳೆಮ್ಮ ಭಾಳ ಕೇಳಿದ್ದಾಳೆ ನಿನ್ನನ್ನು.

ನಿನ್ನ ಅಪ್ಪ,
ಹುಸೇನಪ್ಪ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಫೋನಿನಲ್ಲಿ ನಿನಗೂ "ಏನುಂಡಿ ಮಗಾ?" ಎಂದು ಕೇಳಿದೆ. ನೀನೂ ಉತ್ತರ ಹುಡುಕಿ "ಬದ್ನಿಕಾಯಿ ಪಲ್ಯ ಅಪ್ಪಾ" ಅಂದೆ. ಇವತ್ತು ಮೇಡಂಗೆ ಹೇಳಿದೆ, ಅವರು ನಿನ್ನ ಹಾಸ್ಟೆಲಿನಲ್ಲಿ ಅಡಿಗೆ ಮಾಡುವ ಚಂದ್ರಕಲಾ ಅವರ ನಂಬರ್ ಹುಡುಕಿ ಕೊಟ್ಟರು. ಅವರು ದಿನಾ ನಿನ್ನ ಬಾಗಿಲು ಬಡಿಯುತ್ತಾರೆ, ಸಿಟ್ಟಾಗಬೇಡ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದು ಶನಿವಾರಕ್ಕೆ. ಭಾನುವಾರ ಬೆಳಿಗ್ಗೆ ನಿನ್ನ ಗೇಟಿನ ಮುಂದೆ ಕುಳಿತಿರುತ್ತೇನೆ. ಏನಾಗಿದ್ದರೂ ಬೈಯುವುದಿಲ್ಲ, ಯಾಕೆ ಎಂದು ಕೇಳುವುದೂ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತೇನೆ, ಇಬ್ಬರೂ ಕೂಡಿ ಉಣ್ಣೋಣ. ನೀನು ಬಾಗಿಲು ತೆಗೆದು ಹೊರಗೆ ಬಾ, ಸಾಕು.